ಮನೆಯಲ್ಲಿ ಒಣಖಂಡದ ತಯಾರಿಕೆಯೂ ಒಣಗಿಸುವ ಸಾಧನಗಳ ಆಯ್ಕೆಯೂ

ಮಳೆಯನ್ನೇ ನಂಬಿದ ಸೀಮೆಯಲ್ಲಿ ಒಕ್ಕಲಿಗನ ಸಂಪತ್ತು ಎರಡು ಬಗೆಯದು. ಒಂದು ಹೊಲದಲ್ಲಿ ಬೆಳೆದ ಜೋಳ, ಮತ್ತೊಂದು ಹಟ್ಟಿಯಲ್ಲಿ ಬೆಳೆದ ಕುರಿ. ಜೋಳವನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುವ ವಿದ್ಯೆಯನ್ನು ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಕುರಿಯ ವಿಷಯವು ಹಾಗಲ್ಲ. ಕೊಯ್ದ ಕುರಿಯ ಮಾಂಸವು ಬೇಸಿಗೆಯ ಒಂದು ಹಗಲು ಕಳೆಯುವುದರೊಳಗಾಗಿಯೇ ಕೆಡಲಾರಂಭಿಸುವುದು. ಆದುದರಿಂದ ಜಾತ್ರೆ, ಉರುಸು, ಬಕ್ರೀದು ಮೊದಲಾದ ಸಂದರ್ಭಗಳಲ್ಲಿ ಒಂದೇ ದಿನ ಹೇರಳವಾಗಿ ದೊರೆಯುವ ಮಾಂಸದಲ್ಲಿ ಒಂದು ಭಾಗವನ್ನು ಸೀಳಿ, ಉಪ್ಪು ಸವರಿ, ಬಿಸಿಲಿಗೆ ಕಟ್ಟಿ ಒಣಖಂಡ ಮಾಡಿಡುವ ಪದ್ಧತಿಯು ಈ ಪ್ರಾಂತದಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಪದ್ಧತಿಯು ಹಳೆಯದಾದರೂ ಅದರಲ್ಲಿ ಕೆಲವು ದೋಷಗಳುಂಟು. ಅವುಗಳನ್ನು ತಿದ್ದಿಕೊಂಡಲ್ಲಿ ಒಣಖಂಡವು ಪುಷ್ಟಿಕರವೂ ನಿರಪಾಯವೂ ಆದ ಆಹಾರವಾಗುವುದು. ತಿದ್ದಿಕೊಳ್ಳದಿದ್ದಲ್ಲಿ ಒಂದು ಹಿಡಿ ಖಂಡವು ಇಡೀ ಕುಟುಂಬವನ್ನು ಆಸ್ಪತ್ರೆಗೆ ಸೇರಿಸಬಲ್ಲುದು.

ಇಟಗಿ ಸೀಮೆಯ ಅನುಕೂಲಗಳು

ಕೊಪ್ಪಳ ಜಿಲ್ಲೆಯ ಇಟಗಿ ಗ್ರಾಮವು, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ.ಶ. 1112ರಲ್ಲಿ ಕಟ್ಟಿಸಿದ ದೇವಾಲಯದಿಂದ ನಾಡಿಗೆಲ್ಲ ಪರಿಚಿತವಾಗಿದೆ. ಹಿಂದೆ ಯಲಬುರ್ಗಾ ತಾಲೂಕಿಗೂ ಈಗ ಕುಕನೂರು ತಾಲೂಕಿಗೂ ಸೇರಿದ ಈ ಊರಿನ ಸುತ್ತಲೂ ಎರೆಭೂಮಿಯು ಹಬ್ಬಿದೆ. ಜೋಳ, ಕಡಲೆ, ಕುಸುಬೆಗಳು ಇಲ್ಲಿಯ ಮುಖ್ಯ ಬೆಳೆಗಳು. ಸುಗ್ಗಿಯಾದ ಮೇಲೆ ಹೊಲಗಳಲ್ಲಿ ಕುರಿಯ ಹಿಂಡನ್ನು ತರುಬಿ ಗೊಬ್ಬರ ಪಡೆಯುವ ರೂಢಿಯುಂಟು. ರಾಯಚೂರು, ಕೊಪ್ಪಳ ಜಿಲ್ಲೆಗಳ ತಳಿಯಾದ ಕೆಂಗುರಿಯು ಹೆಸರೇ ಹೇಳುವಂತೆ ಕೆಂಪು ಮೈಬಣ್ಣದ್ದು. ಅದನ್ನು ಉಣ್ಣೆಗಿಂತ ಮುಖ್ಯವಾಗಿ ಮಾಂಸಕ್ಕಾಗಿಯೇ ಸಾಕುತ್ತಾರೆ.

ಒಣಗಿಸುವ ಕೆಲಸಕ್ಕೆ ಬೇಕಾದವು ಮೂರು: ಬಿಸಿಲು, ಒಣ ಗಾಳಿ, ಮೋಡವಿಲ್ಲದ ಆಕಾಶ. ಫೆಬ್ರುವರಿಯಿಂದ ಮೇ ತಿಂಗಳ ನಡುವಿನ ವರೆಗೆ ಈ ಮೂರೂ ಇಲ್ಲಿ ಪುಕ್ಕಟೆಯಾಗಿ ದೊರೆಯುವುವು. ನವೆಂಬರಿನಿಂದ ಜನವರಿಯ ವರೆಗೆ ಗಾಳಿಯು ಒಣಗಿದ್ದರೂ ಹಗಲು ಗಿಡ್ಡವಾಗಿದ್ದು, ರಾತ್ರಿ ಇಬ್ಬನಿ ಬೀಳುವುದರಿಂದ ಎಚ್ಚರ ಬೇಕು. ಜೂನಿನಿಂದ ಅಕ್ಟೋಬರಿನ ವರೆಗೆ ಬಯಲಿನಲ್ಲಿ ಮಾಂಸವನ್ನು ಒಣಗಿಸಲೇಬಾರದು. ಬಕ್ರೀದು ಹಬ್ಬವು ಚಾಂದ್ರಮಾನದಂತೆ ವರ್ಷವರ್ಷವೂ ಹಿಂದೆ ಸರಿಯುವುದಾದ್ದರಿಂದ, ಅದು ಮುಂಗಾರಿನಲ್ಲಿ ಬಂದ ವರ್ಷ ಹಿಂದಿನ ಬೇಸಿಗೆಯ ಕ್ರಮವನ್ನೇ ಅನುಸರಿಸುವುದು ಸಲ್ಲದು.

ಇತರ ನಾಡುಗಳಲ್ಲಿ

ಮಾಂಸವನ್ನು ಒಣಗಿಸಿಡುವುದು ಜಗತ್ತಿನ ಅನೇಕ ಜನರಿಗೆ ತಿಳಿದ ವಿದ್ಯೆ. ದಕ್ಷಿಣ ಅಮೇರಿಕೆಯ ಆಂಡೀಸ್ ಪರ್ವತವಾಸಿಗಳು ಇದನ್ನು ಚಾರ್ಕಿ ಎಂದರು. ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಜರ್ಕಿ ಎಂಬ ಪದಾರ್ಥದ ಹೆಸರು ಆ ಮಾತಿನಿಂದಲೇ ಹುಟ್ಟಿತು. ದಕ್ಷಿಣ ಆಫ್ರಿಕೆಯಲ್ಲಿ ಉಪ್ಪು, ಹುಳಿ, ಕೊತ್ತಂಬರಿ ಬೀಜಗಳನ್ನು ಸವರಿ ಗಾಳಿಗೆ ತೂಗುಹಾಕಿದ ಬಿಲ್ಟಾಂಗ್ ಪ್ರಸಿದ್ಧವಾಗಿದೆ. ಬಿಸಿಲು ಕಡಮೆಯಿರುವ ಕೊಡಗಿನಲ್ಲಿ ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವರು. ಹಳೆಯ ಮೈಸೂರಿನ ಕಡೆ ಒಣಗಿದ ಮಾಂಸಕ್ಕೆ ಕೊರಬಾಡು ಎಂಬ ಹೆಸರುಂಟು. ಕ್ರಮಗಳು ಬೇರೆಬೇರೆಯಾದರೂ ತತ್ತ್ವವು ಒಂದೇ: ನೀರನ್ನು ಕಳೆದರೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು.

ಮಾಂಸವು ಕೆಡುವ ಕಾರಣ

ಕೊಬ್ಬಿಲ್ಲದ ಹಸಿ ಮಾಂಸದ ನೂರು ಭಾಗದಲ್ಲಿ 70ರಿಂದ 75 ಭಾಗ ನೀರೇ ಇರುವುದು. ಸೂಕ್ಷ್ಮಜೀವಿಗಳು 5 ಡಿಗ್ರಿ ಸೆಂಟಿಗ್ರೇಡಿನಿಂದ 60 ಡಿಗ್ರಿಯ ವರೆಗಿನ ಉಷ್ಣತೆಯಲ್ಲಿ ಈ ನೀರನ್ನು ಆಧರಿಸಿ ವೃದ್ಧಿಯಾಗುವುವು. ಕೈಗಳಿಂದಲೂ ಗಾಯಗಳಿಂದಲೂ ಮಾಂಸಕ್ಕೆ ಸೇರುವ ಒಂದು ಜಾತಿಯ ಜೀವಿಯು ಬಿಟ್ಟ ವಿಷವು, ಆಮೇಲೆ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ಆದುದರಿಂದ 'ಸಾರಿಗೆ ಹಾಕಿ ಕುದಿಸಿದರೆ ಎಲ್ಲವೂ ಸರಿಹೋದೀತು' ಎಂಬ ನಂಬಿಕೆಯು ಪೂರ್ತಿ ನಿಜವಲ್ಲ.

ಒಣಗಿಸುವುದರಿಂದಲೇ ರೋಗಜೀವಿಗಳು ಸಾಯುವುವೆಂಬುದೂ ತಪ್ಪು ತಿಳಿವಳಿಕೆ. ಒಣಗುತ್ತಿರುವ ಮಾಂಸದಿಂದ ಆವಿ ಹೊರಡುತ್ತಿರುವಷ್ಟು ಕಾಲವೂ ಅದು ಸುತ್ತಲಿನ ಗಾಳಿಗಿಂತ ತಂಪಾಗಿಯೇ ಇರುವುದು. ನೀರು ಆರಿದ ಮೇಲೆ ಜೀವಿಗಳು ಕಾವನ್ನು ತಾಳಿಕೊಳ್ಳುವ ಶಕ್ತಿ ಪಡೆದಿರುವುವು. 1995ರಲ್ಲಿ ಅಮೇರಿಕೆಯ ಒರೆಗಾನ್ ಪ್ರಾಂತದಲ್ಲಿ ಮನೆಯಲ್ಲಿ ಒಣಗಿಸಿದ ಜಿಂಕೆಯ ಮಾಂಸವನ್ನು ತಿಂದು ಹಲವರು ರಕ್ತಭೇದಿಗೆ ಗುರಿಯಾದರು. ಬಳಿಕ ನಡೆದ ಪರೀಕ್ಷೆಗಳಲ್ಲಿ, ಸುಮಾರು 63 ಡಿಗ್ರಿಯಷ್ಟು ಕಾವಿನಲ್ಲಿ 10 ಗಂಟೆಗಳ ಕಾಲ ಒಣಗಿಸಿದ ಮಾಂಸದಲ್ಲಿಯೂ ರೋಗಜೀವಿಗಳು ಬದುಕಿರುವುದು ಕಂಡುಬಂದಿತು. ಈ ಕಾರಣದಿಂದ ಇಂದಿನ ತಜ್ಞರ ಮತವು ಒಂದೇ ಆಗಿದೆ: ಮೊದಲು ಬೇಯಿಸು, ಅನಂತರ ಒಣಗಿಸು.

ಯಾವ ಮಾಂಸವು ಯೋಗ್ಯ?

1. ಆರೋಗ್ಯವಾಗಿದ್ದು, ನಿಯಮದಂತೆ ಕೊಯ್ದ ಪ್ರಾಣಿಯ ಮಾಂಸವು ಮಾತ್ರ ಯೋಗ್ಯವಾದುದು. ತಾನಾಗಿ ಸತ್ತ ಕುರಿಯನ್ನು ನಷ್ಟ ತುಂಬಿಕೊಳ್ಳುವ ಆಸೆಯಿಂದ ಸೀಳಿ ಒಣಗಿಸುವುದು ಅತ್ಯಂತ ಅಪಾಯಕರ. ನೆರಡಿ ಎಂದು ಕರೆಯುವ ಆಂಥ್ರಾಕ್ಸ್ ರೋಗದ ಬೀಜಕಣಗಳು ಬಿಸಿಲಿಗೂ ಉಪ್ಪಿಗೂ ಬಗ್ಗುವುದಿಲ್ಲ. ಮಣ್ಣಿನಲ್ಲಿ ಅವು ಹತ್ತಾರು ವರ್ಷ ಬದುಕಬಲ್ಲವು. ಇದ್ದಕ್ಕಿದ್ದಂತೆ ಸತ್ತ ಕುರಿಯ ಮೂಗು, ಬಾಯಿ, ಗುದದ್ವಾರಗಳಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತವು ಕಂಡರೆ ಕತ್ತಿಯನ್ನು ಮುಟ್ಟಿಸದೆ, ಚರ್ಮವನ್ನೂ ಸುಲಿಯದೆ, ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ಒಂದು ಕುರಿಯ ಬೆಲೆಯನ್ನು ಉಳಿಸಹೋಗಿ ಮನುಷ್ಯನ ಪ್ರಾಣವನ್ನು ಪಣಕ್ಕಿಡಬಾರದು.

ಹಿಂದಿನ ಕಾಲದಲ್ಲಿ ಊರಿನ ಸತ್ತ ದನಗಳನ್ನು ಹೊರುವ ಕೆಲಸವನ್ನು ಕೆಲವು ಜಾತಿಗಳ ಮೇಲೆ ಹೊರಿಸಿ, ಆ ಮಾಂಸವನ್ನೇ ಅವರ ಪಾಲಿನ ಆಹಾರವನ್ನಾಗಿ ಮಾಡಿದ್ದರು. ಉಳಿದುದನ್ನು ಒಣಗಿಸಿಟ್ಟುಕೊಂಡು ಬರದ ದಿನಗಳನ್ನು ಕಳೆಯುವುದು ಅವರಿಗೆ ಅನಿವಾರ್ಯವಾಗಿತ್ತು. 1927ರಲ್ಲಿ ಮಹಾಡದ ಪರಿಷತ್ತಿನಲ್ಲಿ ಡಾ. ಅಂಬೇಡ್ಕರರು ಸತ್ತ ಪ್ರಾಣಿಯ ಮಾಂಸವನ್ನು ತ್ಯಜಿಸಬೇಕೆಂದು ತಮ್ಮ ಜನರಿಗೆ ಕರೆಕೊಟ್ಟರು. ಅದು ಮಾನದ ಮಾತಾಗಿದ್ದಂತೆಯೇ ಆರೋಗ್ಯದ ಮಾತೂ ಆಗಿದ್ದಿತು.

2. ದನದ ಮಾಂಸದ ವಿಷಯದಲ್ಲಿ ಕಾನೂನನ್ನು ತಿಳಿದಿರುವುದು ಅವಶ್ಯ. 1964ರ ಕಾಯಿದೆಯ ಬದಲಿಗೆ ಬಂದ 2020ರ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮವು ಹಸು, ಕರು, ಹೋರಿ, ಎತ್ತುಗಳ ವಧೆಯನ್ನೂ, 13 ವರ್ಷ ತುಂಬದ ಎಮ್ಮೆ ಕೋಣಗಳ ವಧೆಯನ್ನೂ ನಿಷೇಧಿಸಿದೆ. ಆದಕಾರಣ ಇಲ್ಲಿ ಹೇಳುವ ಕ್ರಮವು ಕುರಿ ಮತ್ತು ಆಡಿನ ಮಾಂಸವನ್ನು ಉದ್ದೇಶಿಸಿದುದು. ಕಾನೂನು ಒಪ್ಪುವ ಎಮ್ಮೆಯ ಮಾಂಸಕ್ಕೂ ಇದೇ ಕ್ರಮವು ಸಲ್ಲುವುದು.

3. ತೊಡೆ ಮತ್ತು ಬೆನ್ನಿನ ದಪ್ಪ ಖಂಡವು ಉತ್ತಮ. ಕೊಬ್ಬು ಒಣಗುವುದಿಲ್ಲ. ಅದು ಕೆಲವೇ ವಾರಗಳಲ್ಲಿ ಕಮಟು ವಾಸನೆ ಹಿಡಿದು ಇಡೀ ದಾಸ್ತಾನನ್ನು ಕೆಡಿಸುವುದು. ಆದುದರಿಂದ ಕಣ್ಣಿಗೆ ಕಾಣುವ ಕೊಬ್ಬನ್ನೆಲ್ಲ ಬಿಡಿಸಿ ತೆಗೆಯಬೇಕು. ತೆಗೆದ ಹಸಿ ಕರುಳು, ಪಿತ್ತಜನಕಾಂಗ, ಪುಪ್ಪುಸಗಳನ್ನು ನಾಯಿಗಳಿಗೆ ಎಸೆಯಬಾರದು. ಅವುಗಳಲ್ಲಿರುವ ನೀರುಗುಳ್ಳೆಗಳ ಮೂಲಕ ಒಂದು ಬಗೆಯ ಲಾಡಿಹುಳುವು ನಾಯಿಗೂ, ನಾಯಿಯಿಂದ ಕುರಿಗೂ ಮನುಷ್ಯನಿಗೂ ಹರಡುವುದು.

ಎಷ್ಟು ಮಾಂಸದಿಂದ ಎಷ್ಟು ಒಣಖಂಡವು ದೊರೆಯುವುದೆಂಬ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಲೇಸು. 30 ಕಿಲೋ ಜೀವತೂಕದ ಟಗರಿನಿಂದ ಸುಮಾರು 14 ಕಿಲೋ ಮಾಂಸವೂ, ಅದರಲ್ಲಿ ಎಲುಬು ಕೊಬ್ಬುಗಳನ್ನು ಕಳೆದರೆ ಸುಮಾರು 8 ಕಿಲೋ ಖಂಡವೂ, ಅದನ್ನು ಒಣಗಿಸಿದರೆ ಎರಡೂವರೆ ಕಿಲೋದಷ್ಟು ಒಣಖಂಡವೂ ಬರುವುದು.

ತಯಾರಿಕೆಯ ಕ್ರಮ

(ಅ) ಕೈ, ಕತ್ತಿ, ಮಣೆ, ಪಾತ್ರೆಗಳನ್ನು ಸಾಬೂನು ಮತ್ತು ಬಿಸಿನೀರಿನಿಂದ ತೊಳೆಯಬೇಕು. ಕೈಯಲ್ಲಿ ಹುಣ್ಣು ಗಾಯಗಳಿದ್ದವರು ಈ ಕೆಲಸಕ್ಕೆ ನಿಲ್ಲಬಾರದು.

(ಆ) ಖಂಡವನ್ನು 5–6 ಮಿಲಿಮೀಟರಿಗಿಂತ ದಪ್ಪವಾಗದಂತೆ ಉದ್ದನೆಯ ಸೀಳುಗಳನ್ನಾಗಿ ಮಾಡಬೇಕು. ಶೀತಪೆಟ್ಟಿಗೆಯುಳ್ಳವರು ಮಾಂಸವನ್ನು ಅರ್ಧ ಗಟ್ಟಿಯಾಗುವಂತೆ ತಣಿಸಿದರೆ ಸಮನಾದ ಸೀಳುಗಳು ಬರುವುವು. ನಾರಿಗೆ ಅಡ್ಡಲಾಗಿ ಕೊಯ್ದರೆ ಖಂಡವು ಮೆದುವಾಗಿ ಮುರಿಯುವುದು. ನಾರಿನ ಉದ್ದಕ್ಕೆ ಕೊಯ್ದರೆ ಬಿಗುವಾಗಿರುವುದಾದರೂ ಸರ ಕಟ್ಟಲು ಅನುಕೂಲ. ಒಂದು ಸೀಳು ತೆಳುವು, ಮತ್ತೊಂದು ದಪ್ಪವು ಆಗಕೂಡದು. ದಪ್ಪನೆಯದು ಹಸಿಯಾಗಿ ಉಳಿದು ಉಳಿದವುಗಳನ್ನೂ ಕೆಡಿಸುವುದು.

(ಇ) ಒಂದು ಕಿಲೋ ಸೀಳಿಗೆ 25 ಗ್ರಾಂ ಉಪ್ಪು, 10 ಗ್ರಾಂ ಮೆಣಸಿನ ಪುಡಿ, 5 ಗ್ರಾಂ ಅರಿಸಿನ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಹುಣಿಸೆಯ ರಸ ಇಲ್ಲವೆ ನಿಂಬೆಯ ರಸ ಸೇರಿಸಿ ಚೆನ್ನಾಗಿ ತಿಕ್ಕಬೇಕು. ಉಪ್ಪನ್ನು ಅಂದಾಜಿನ ಮೇಲೆ ಹಾಕದೆ ತೂಗಿ ಹಾಕುವುದು ಉತ್ತಮ. ಮಸಾಲೆಯಲ್ಲಿ ರಾತ್ರಿಯೆಲ್ಲ ನೆನೆಯಿಡುವುದಾದರೆ ಶೀತಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ಅದಿಲ್ಲದವರು ಅರ್ಧ ಗಂಟೆಯಲ್ಲಿಯೇ ಮುಂದಿನ ಕೆಲಸವನ್ನು ಆರಂಭಿಸತಕ್ಕದ್ದು.

(ಈ) ಎಲ್ಲಕ್ಕಿಂತ ಮುಖ್ಯವಾದ ಹಂತವಿದು. ಒಣಗಿಸುವ ಮೊದಲು ಸೀಳಿನ ಒಡಲು 71 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯಲೇಬೇಕು. ಇಡ್ಲಿ ಪಾತ್ರೆಯ ತಟ್ಟೆಗಳಲ್ಲಿ ಸೀಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ನೀರು ಕುದಿಯತೊಡಗಿದ ಮೇಲೆ 10 ನಿಮಿಷ ಹಬೆಯಲ್ಲಿ ಬೇಯಿಸುವುದು ಸುಲಭವಾದ ಉಪಾಯ. ಮಸಾಲೆಯ ನೀರಿನಲ್ಲಿಯೇ ಹಾಕಿ, ಮತ್ತೆ ಕುದಿ ಬಂದ ಮೇಲೆ 5 ನಿಮಿಷ ಕುದಿಸಿದರೂ ಆಗಬಹುದು. ದಪ್ಪವಾದ ಒಂದು ಸೀಳನ್ನು ಕೊಯ್ದು ನೋಡಿದಾಗ ನಡುವೆ ಕೆಂಪು ಬಣ್ಣವು ಲೇಶವೂ ಇರಬಾರದು. ಕಣ್ಣಳತೆಗಿಂತ ಉಷ್ಣತಾಮಾಪಕವು ನಂಬಿಕೆಗೆ ಅರ್ಹ. ಅದರ ಬೆಲೆಯು ಒಣಗಿಸುವ ಯಂತ್ರದ ಬೆಲೆಯ ಒಂದಂಶವೂ ಅಲ್ಲ.

(ಉ) ಬೆಂದ ಸೀಳುಗಳ ನೀರನ್ನು ಬಸಿದು, ಬಿಸಿ ಆರುವ ಮೊದಲೇ ಒಣಗಿಸುವ ತಟ್ಟೆಗಳಲ್ಲಿ ಒಂದಕ್ಕೊಂದು ತಾಕದಂತೆ ಹರಡಬೇಕು. ಹಸಿ ಮಾಂಸವನ್ನು ಇಟ್ಟಿದ್ದ ಪಾತ್ರೆಯನ್ನು ಮತ್ತೆ ಬಳಸಕೂಡದು.

ಒಣಗಿಸುವ ಸಾಧನಗಳು

ಯಾವ ಸಾಧನವನ್ನು ಕೊಳ್ಳಬೇಕೆಂಬುದನ್ನು ಅಂಗಡಿಯವನ ಮಾತಿನಿಂದಲ್ಲ, ಎರಡು ಲೆಕ್ಕಗಳಿಂದ ನಿರ್ಧರಿಸಬೇಕು. ಮೊದಲನೆಯದು ಹರವಿನ ಲೆಕ್ಕ. ಅರ್ಧ ಸೆಂಟಿಮೀಟರು ದಪ್ಪದ ಒಂದು ಕಿಲೋ ಸೀಳುಗಳು ನಡುವಣ ಸಂದುಗಳೂ ಸೇರಿ ಸುಮಾರು ಕಾಲು ಚದರ ಮೀಟರು ಜಾಗವನ್ನು ಹಿಡಿಯುವುವು. ಹೀಗೆ 4 ಕಿಲೋ ಮಾಂಸಕ್ಕೆ ಒಂದು ಚದರ ಮೀಟರಿನಷ್ಟು ತಟ್ಟೆ ಬೇಕು. ಎರಡನೆಯದು ನೀರಿನ ಲೆಕ್ಕ. ಒಂದು ಕಿಲೋ ಮಾಂಸದಿಂದ ಸುಮಾರು 650–700 ಗ್ರಾಂ ನೀರನ್ನು ಆವಿಯಾಗಿಸಬೇಕಾಗುವುದು. ಇಷ್ಟು ನೀರನ್ನು ಹೊರಗೆ ಒಯ್ಯುವ ಗಾಳಿಯ ದಾರಿಯಿಲ್ಲದ ಪೆಟ್ಟಿಗೆಯು ಎಷ್ಟು ಕಾದರೂ ಪ್ರಯೋಜನವಿಲ್ಲ. ಮಾಂಸವು ತನ್ನ ಹಬೆಯಲ್ಲಿ ತಾನೇ ಬೇಯುವುದು.

1. ಹಗ್ಗ ಮತ್ತು ತಂತಿ. ಖರ್ಚಿಲ್ಲದುದೇ ಇದರ ಏಕೈಕ ಗುಣ. ಎರೆಹೊಲದ ಧೂಳು, ನೊಣ, ಕಾಗೆ, ಹದ್ದು, ಬೆಕ್ಕು, ಇಬ್ಬನಿ ಇವೆಲ್ಲವೂ ಇದರ ಶತ್ರುಗಳು. ನೊಣವು ಒಮ್ಮೆ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳುಗಳಾಗಬಹುದು.

2. ಜಾಲರಿಯ ಪೆಟ್ಟಿಗೆ. ಮರದ ಚೌಕಟ್ಟಿಗೆ ಸೊಳ್ಳೆ ಜಾಲರಿಯನ್ನು ಬಡಿದು, ಒಳಗೆ ತಟ್ಟೆಗಳನ್ನು ಜೋಡಿಸಿ, ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದರೆ ನೊಣ ಇರುವೆಗಳ ಬಾಧೆಯು ತಪ್ಪುವುದು. ಊರಿನ ಬಡಿಗನೇ ಇದನ್ನು ಮಾಡಿಕೊಡಬಲ್ಲನು. ವರ್ಷಕ್ಕೆ ಎರಡು ಮೂರು ಸಲ ಬೇಸಿಗೆಯಲ್ಲಿ ಮಾತ್ರ ಒಣಗಿಸುವ ಮನೆಗೆ ಇಷ್ಟೇ ಸಾಕು. ಸಂಜೆಯಾದೊಡನೆ ಮಾಂಸವನ್ನು ಒಳಗೆ ತೆಗೆದಿಡುವುದನ್ನು ಮರೆಯಬಾರದು.

3. ಸೌರ ಪೆಟ್ಟಿಗೆ. ಮೇಲೆ ಗಾಜು, ಒಳಗೆ ಕಪ್ಪು ಬಣ್ಣ ಬಳಿದ ತಗಡು, ಕೆಳಗಡೆ ಗಾಳಿ ಒಳಬರುವ ಕಿಂಡಿ, ಹಿಂದೆ ಮೇಲ್ಗಡೆ ಹೊರಹೋಗುವ ಕಿಂಡಿ, ಎರಡಕ್ಕೂ ಜಾಲರಿ: ಇದೇ ಇದರ ರಚನೆ. ಇಟಗಿಯು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಗಾಜನ್ನು ಅಷ್ಟೇ ಇಳಿಜಾರಾಗಿ ದಕ್ಷಿಣಕ್ಕೆ ಮುಖಮಾಡಿ ಇಡಬೇಕು. ಶುಭ್ರವಾದ ಬಿಸಿಲಿನಲ್ಲಿ ಒಂದು ಚದರ ಮೀಟರು ಗಾಜಿನ ಪೆಟ್ಟಿಗೆಯು ದಿನಕ್ಕೆ 2ರಿಂದ 3 ಕಿಲೋ ಮಾಂಸದ ನೀರನ್ನು ಕಳೆಯುವುದೆಂದು ಅಂದಾಜು ಮಾಡಬಹುದು. ತಟ್ಟೆಯಲ್ಲಿ ಜಾಗವಿದೆಯೆಂದು ಅದಕ್ಕಿಂತ ಹೆಚ್ಚು ತುಂಬಬಾರದು. ಒಳಗಿನ ಕಾವು 55ರಿಂದ 60 ಡಿಗ್ರಿಯಲ್ಲಿರಬೇಕು. ಹೆಚ್ಚಾದರೆ ಕಿಂಡಿಯನ್ನು ಅಗಲ ಮಾಡಬೇಕು. ಆರಂಭದಲ್ಲಿಯೇ ವಿಪರೀತ ಕಾವು ತಗಲಿದರೆ ಸೀಳಿನ ಮೇಲ್ಪದರವು ಚಿಪ್ಪಿನಂತೆ ಗಟ್ಟಿಯಾಗಿ ಒಳಗಿನ ನೀರು ಒಳಗೇ ಉಳಿಯುವುದು. ತಟ್ಟೆಗಳಿಗೆ ತುಕ್ಕು ಹಿಡಿಯದ ಉಕ್ಕಿನ ಜಾಲರಿಯನ್ನೇ ಬಳಸಬೇಕು. ಸತುವಿನ ಲೇಪದ ತಂತಿಯು ಹುಣಿಸೆ, ನಿಂಬೆಗಳ ಹುಳಿಗೆ ಕರಗಿ ಆಹಾರದಲ್ಲಿ ಸೇರುವುದು.

4. ವಿದ್ಯುತ್ತಿನ ಯಂತ್ರ. ಇದರಲ್ಲಿ ಕಾವು ಕೊಡುವ ತಂತಿಯೂ ಗಾಳಿ ಬೀಸುವ ಪಂಖವೂ ಇರುವುವು. ಮಳೆಗಾಲದಲ್ಲಿಯೂ ಕೆಲಸ ನಡೆಯುವುದು ಇದರ ಹೆಚ್ಚಳ. ಕೊಳ್ಳುವವರು ಪರೀಕ್ಷಿಸಬೇಕಾದ ಅಂಶಗಳಿವು:

ಕಾವನ್ನು ಬೇಕಾದಷ್ಟಕ್ಕೆ ನಿಲ್ಲಿಸುವ ಗುಂಡಿಯಿದ್ದು, ಅದು 70 ಡಿಗ್ರಿಯ ವರೆಗಾದರೂ ಏರಬೇಕು. ಹಣ್ಣು ತರಕಾರಿಗಳಿಗಾಗಿ ಮಾಡಿದ, ಕಾವಿನ ಹತೋಟಿಯಿಲ್ಲದ ಅಗ್ಗದ ಯಂತ್ರಗಳು ಮಾಂಸಕ್ಕೆ ಸಲ್ಲವು. ಪಂಖವು ಹಿಂಬದಿಯಲ್ಲಿದ್ದು ಗಾಳಿಯು ಅಡ್ಡಲಾಗಿ ಹಾಯುವ ಯಂತ್ರದಲ್ಲಿ ಎಲ್ಲ ತಟ್ಟೆಗಳೂ ಸಮನಾಗಿ ಒಣಗುವುವು, ತೊಟ್ಟಿಕ್ಕುವ ರಸವೂ ಪಂಖದ ಮೇಲೆ ಬೀಳದು. ಪಂಖವು ತಳದಲ್ಲಿರುವ ಗುಂಡಾದ ಯಂತ್ರದ ಬೆಲೆ ಕಡಮೆಯಾದರೂ ತಟ್ಟೆಗಳನ್ನು ಆಗಾಗ್ಗೆ ಮೇಲೆ ಕೆಳಗೆ ಬದಲಾಯಿಸಬೇಕು. ತಟ್ಟೆಗಳ ಒಟ್ಟು ಹರವನ್ನು ಅಳೆದು ನೋಡಬೇಕು, ತಟ್ಟೆಗಳ ಸಂಖ್ಯೆಯನ್ನಲ್ಲ. 600 ವ್ಯಾಟಿನ ಯಂತ್ರವು 8 ಗಂಟೆ ಪೂರ್ತಿ ನಡೆದರೆ 4.8 ಯೂನಿಟ್ ವಿದ್ಯುತ್ತು ಖರ್ಚಾಗುವುದು. ಇದನ್ನು ಮನೆಯ ದರದಿಂದ ಗುಣಿಸಿ ಲೆಕ್ಕ ಹಾಕಬಹುದು. ಸಮೀಪದ ಪಟ್ಟಣದಲ್ಲಿ ರಿಪೇರಿಯ ಅನುಕೂಲವಿದೆಯೋ ಎಂಬುದನ್ನೂ ವಿಚಾರಿಸಬೇಕು.

ಕೆಲಸದ ನಡುವೆ ವಿದ್ಯುತ್ತು ನಿಂತರೆ ಬೆಚ್ಚನೆಯ ಮುಚ್ಚಿದ ಪೆಟ್ಟಿಗೆಯು ರೋಗಜೀವಿಗಳ ತೊಟ್ಟಿಲಾಗುವುದು. ಎರಡು ಗಂಟೆಯೊಳಗಾಗಿ ವಿದ್ಯುತ್ತು ಬಾರದಿದ್ದರೆ ಅರೆ ಒಣಗಿದ ಮಾಂಸವನ್ನು ಅಂದೇ ಬೇಯಿಸಿ ಉಂಡುಬಿಡುವುದು ಕ್ಷೇಮ. ಆದಕಾರಣ ವಿದ್ಯುತ್ತು ಪದೇಪದೇ ನಿಲ್ಲುವ ಹಳ್ಳಿಗಳಲ್ಲಿ ಸೌರ ಪೆಟ್ಟಿಗೆಯೇ ಮೇಲು. ಒಂದೊಂದು ಮನೆಯವರೂ ಯಂತ್ರ ಕೊಂಡು ವರ್ಷದ ಬಹುಭಾಗ ಅಟ್ಟದ ಮೇಲಿಡುವುದಕ್ಕಿಂತ, ಹತ್ತು ಮನೆಯ ಹೆಂಗಸರ ಸಂಘವು ಒಂದು ಒಳ್ಳೆಯ ಪೆಟ್ಟಿಗೆಯನ್ನು ಮಾಡಿಸಿ ಸರದಿಯ ಮೇಲೆ ಬಳಸುವುದು ಮಿತವ್ಯಯಕರ. ಮೆಣಸಿನಕಾಯಿ, ನುಗ್ಗೆಸೊಪ್ಪು, ಹಪ್ಪಳ ಸಂಡಿಗೆಗಳಿಗೂ ಅದೇ ಪೆಟ್ಟಿಗೆಯು ಒದಗುವುದು. ಆದರೆ ಮಾಂಸದ ತಟ್ಟೆಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು.

ಪಕ್ವತೆಯ ಪರೀಕ್ಷೆ ಮತ್ತು ಶೇಖರಣೆ

ಒಂದು ಸೀಳನ್ನು ತೆಗೆದು ಪೂರ್ತಿ ಆರಿದ ಮೇಲೆ ಬಗ್ಗಿಸಿ ನೋಡಬೇಕು. ಬಾಗಿ ಮೇಲ್ಗಡೆ ಬಿರುಕು ಬಿಟ್ಟರೆ ಸಾಕಷ್ಟು ಒಣಗಿದೆಯೆಂದು ತಿಳಿಯಬೇಕು. ಶೀತಪೆಟ್ಟಿಗೆಯಿಲ್ಲದೆ ಇಡುವವರು ಕಟ್ಟಿಗೆಯಂತೆ ಮುರಿಯುವ ವರೆಗೆ ಒಣಗಿಸುವುದು ಒಳ್ಳೆಯದು. ತೂಕದ ಪರೀಕ್ಷೆಯು ಇನ್ನೂ ನಂಬಲರ್ಹ: ಒಂದು ಕಿಲೋ ಹಸಿ ಖಂಡವು 300–350 ಗ್ರಾಮಿಗೆ ಇಳಿದಿರಬೇಕು.

ತಣಿದ ಮೇಲೆ ಒಣಗಿದ ಗಾಜಿನ ಭರಣಿ ಇಲ್ಲವೆ ಉಕ್ಕಿನ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಡಬೇಕು. ಮೊದಲ ವಾರ ದಿನವೂ ನೋಡುತ್ತಿದ್ದು, ಒಳಗೆ ಬೆವರು ಕಂಡರೆ ಮರಳಿ ಒಣಗಿಸಬೇಕು. ಮನೆಯಲ್ಲಿ ಮಾಡಿದ ಒಣಖಂಡವು ಒಂದೆರಡು ತಿಂಗಳೊಳಗೆ ಖರ್ಚಾಗತಕ್ಕದ್ದು. ಅದಕ್ಕೂ ಹೆಚ್ಚು ಕಾಲ ಬೇಕಾದಲ್ಲಿ ಶೀತಪೆಟ್ಟಿಗೆಯಲ್ಲಿಡಬೇಕು. ಸಡಿಲ ಮುಚ್ಚಳದ ಗಡಿಗೆಗೆ ತೊಗಲನ್ನು ತಿನ್ನುವ ಜೀರುಂಡೆಯು ಸೇರಿ, ಅದರ ಮರಿಹುಳುಗಳು ಖಂಡವನ್ನು ಪುಡಿಮಾಡುವುವು. ಬೂಷ್ಟು, ಕಮಟು, ಅಂಟು ಇವುಗಳಲ್ಲಿ ಯಾವುದೊಂದು ಕಂಡರೂ ತೊಳೆದು ತಿನ್ನುವ ಯೋಚನೆ ಬೇಡ, ಹೂಳಿಬಿಡಬೇಕು.

ತಿನ್ನುವ ಮೊದಲು ಬಿಸಿನೀರಿನಲ್ಲಿ ನೆನೆಯಿಟ್ಟು, ತೊಗರಿಬೇಳೆ ಇಲ್ಲವೆ ಬದನೆಕಾಯಿಯೊಡನೆ ಬೇಯಿಸಿದರೆ ಜೋಳದ ರೊಟ್ಟಿಗೆ ಒಳ್ಳೆಯ ಜೊತೆ. ಹಿಂಡಿನೊಡನೆ ತಿಂಗಳುಗಟ್ಟಲೆ ಊರೂರು ತಿರುಗುವ ಕುರಿಗಾರರಿಗೆ ಹಗುರವಾದ, ಮಾಂಸಸತ್ವ ತುಂಬಿದ ಇಂಥ ಬುತ್ತಿಯು ಬೇರೊಂದಿಲ್ಲ.

ಮಾರಾಟದ ವಿಚಾರ

ಮನೆಯ ಉಪಯೋಗಕ್ಕೆ ಮಾಡುವುದು ಒಂದು, ಮಾರುವುದು ಮತ್ತೊಂದು. ಮಾರಬಯಸುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ನೋಂದಣಿ ಇಲ್ಲವೆ ಪರವಾನಗಿ ಪಡೆಯಬೇಕು. ಮಾಂಸವು ಪರವಾನಗಿಯುಳ್ಳ ಕಸಾಯಿಖಾನೆಯಿಂದ ಬಂದುದಾಗಿರಬೇಕು. ಪೊಟ್ಟಣದ ಮೇಲೆ ತಯಾರಿಸಿದ ದಿನವನ್ನೂ ಬಳಸಬೇಕಾದ ಅವಧಿಯನ್ನೂ ಕಾಣಿಸಬೇಕು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆಹಾರ ಸಂರಕ್ಷಣೆಯಲ್ಲಿ ತರಬೇತಿ ಕೊಡುವುದು. ಕೊಪ್ಪಳ ಜಿಲ್ಲೆಯವರಿಗೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಇನ್ನೂ ಸಮೀಪ. ಬಂಡವಾಳ ಹಾಕುವ ಮೊದಲು ಅಲ್ಲಿ ವಿಚಾರಿಸುವುದು ವಿವೇಕ.

ಸಾರಾಂಶವಿಷ್ಟೆ. ಆರೋಗ್ಯವುಳ್ಳ ಪ್ರಾಣಿಯ ಮಾಂಸ, ತೆಳುವಾದ ಸೀಳು, ತೂಗಿ ಹಾಕಿದ ಉಪ್ಪು, ಒಣಗಿಸುವ ಮೊದಲು ಹಬೆಯ ಬೇವು, ನೊಣ ಹೋಗದ ಪೆಟ್ಟಿಗೆ, ಗಾಳಿಯಾಡದ ಭರಣಿ: ಈ ಆರು ಮಾತುಗಳನ್ನು ಪಾಲಿಸಿದವರಿಗೆ ದುಬಾರಿಯಾದ ಯಂತ್ರವಿಲ್ಲದೆಯೂ ಒಳ್ಳೆಯ ಒಣಖಂಡವು ಸಿದ್ಧಿಸುವುದು. ಇವುಗಳಲ್ಲಿ ಬೇವಿನ ಮಾತನ್ನು ಬಿಟ್ಟವರಿಗೆ ಎಂಥ ದುಬಾರಿಯಾದ ಯಂತ್ರವೂ ರಕ್ಷಣೆ ಕೊಡಲಾರದು.